ಶ್ರೀನಿವಾಸಪುರದ ಮಾವೂ ಪರದೇಶದ ಪಾನಕವೂ

2025ನೆಯ ಇಸವಿಯ ಜೂನ್ ತಿಂಗಳಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ರೈತರಿಗೊದಗಿದ ಸಂಕಟವನ್ನು ವಾಚಕರು ಮರೆತಿರಲಾರರು. ಫಸಲು ಹುಲುಸಾಗಿತ್ತು, ತೋತಾಪುರಿಯನ್ನು ಕೇಳುವವರಿರಲಿಲ್ಲ. ಆ ತಿಂಗಳ 7ನೆಯ ತಾರೀಖು ನೆರೆಯ ಚಿತ್ತೂರು ಜಿಲ್ಲೆಯ ಅಧಿಕಾರಿಗಳು, ಹೊರರಾಜ್ಯದ ತೋತಾಪುರಿಯು ತಮ್ಮ ಗಡಿಯೊಳಕ್ಕೆ ಬರಕೂಡದೆಂದು ಆಜ್ಞೆ ಹೊರಡಿಸಿದರು. ಅಲ್ಲಿಯ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ನಮ್ಮವರ ಕಾಯಿ ರಸ್ತೆಯ ಪಾಲಾಯಿತು. ಶ್ರೀನಿವಾಸಪುರದಲ್ಲಿ ಅಂಗಡಿಗಳು ಮುಚ್ಚಿದವು.

ಚಿತ್ತೂರಿನವರನ್ನು ದೂಷಿಸುವುದು ಸುಲಭ. ಆದರೆ ಅಲ್ಲಿಯ ರೈತನೂ ನಮ್ಮವನಂತೆಯೇ ಬಡವನು. ಅವನಿಗೆ ಕಾರ್ಖಾನೆಯವರು ಕಿಲೋ ಒಂದಕ್ಕೆ 8 ರೂಪಾಯಿ ಕೊಡತಕ್ಕದ್ದೆಂದೂ, ಮೇಲೆ 4 ರೂಪಾಯಿಯನ್ನು ತಾನು ಸೇರಿಸುವುದಾಗಿಯೂ ಆಂಧ್ರ ಸರ್ಕಾರವು ಗೊತ್ತುಮಾಡಿತ್ತು. ಹೊರಗಿನ ಕಾಯಿ ಅಗ್ಗವಾಗಿ ಬಂದು ಬಿದ್ದರೆ ಈ ಏರ್ಪಾಡು ಉಳಿಯುವಂತಿರಲಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾವು ಬೆಳೆಯುವ ಜಿಲ್ಲೆಯು ತನ್ನ ಕಾಯಿಯನ್ನು ತಿರುಳು ಮಾಡಿಸಲು ನೆರೆಯವರ ಬಾಗಿಲನ್ನೇಕೆ ಕಾಯಬೇಕು?

ಈ ಕಾಯಿಯ ಪ್ರಯಾಣವನ್ನು ನೋಡಿರಿ. ನದಿಯಿಲ್ಲದ ಸೀಮೆಯಲ್ಲಿ ಮಳೆಯನ್ನೇ ನೆಚ್ಚಿ ಮರ ಬೆಳೆಸುವವನು ರೈತ. ಸಾಲದ ಬಾಧೆಯಿಂದ ಹಲವರು ಹೂವಿನ ಕಾಲದಲ್ಲಿಯೇ ತೋಟವನ್ನು ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ಅಲ್ಲಿಂದ ಮಂಡಿ, ದಳ್ಳಾಳಿ, ಲಾರಿ, ಕಾರ್ಖಾನೆ. ಕಾರ್ಖಾನೆಯಲ್ಲಿ ತಿರುಳಾಗಿ, ಪೀಪಾಯಿ ಸೇರಿ, ಹಡಗು ಹತ್ತಿ ಸೌದಿ ಅರೇಬಿಯಕ್ಕೂ ಹಾಲೆಂಡಿಗೂ ಹೋಗುತ್ತದೆ. ಅಲ್ಲಿ ಸಕ್ಕರೆ ನೀರು ಬೆರೆತು, ಅಂದವಾದ ಸೀಸೆಯಲ್ಲಿ ಪಾನಕವಾಗಿ ಕುಳಿತುಕೊಳ್ಳುತ್ತದೆ. ಹೆಜ್ಜೆ ಹೆಜ್ಜೆಗೂ ಬೆಲೆ ಏರುತ್ತದೆ. ಏರಿದ ಬೆಲೆಯು ಆಯಾ ಹೆಜ್ಜೆಯ ಒಡೆಯನಿಗೆ ಸೇರುತ್ತದೆ. ಬಾಳಿಕೆಯಿಲ್ಲದ ಸರಕನ್ನು ಕೈಯಲ್ಲಿ ಹಿಡಿದು ನಿಂತ ಮೊದಲನೆಯವನಿಗೆ ಚೌಕಾಸಿಗೆ ಪುರಸತ್ತಿಲ್ಲ: ನಾಳೆಗೆ ಹಣ್ಣು ಕೊಳೆಯುತ್ತದೆ.

ಲೋಕದ ಸಿರಿವಂತ ರಾಷ್ಟ್ರಗಳಿಗೂ ಬಡ ರಾಷ್ಟ್ರಗಳಿಗೂ ನಡುವಣ ಅಂತರದ ಒಂದು ಮೂಲ ಇಲ್ಲಿಯೇ ಇದೆ. ಕಚ್ಚಾ ಸರಕನ್ನು ಮಾರಿ ಸಿದ್ಧವಸ್ತುವನ್ನು ಕೊಳ್ಳುವ ದೇಶವು ಕಾಲಕ್ರಮದಲ್ಲಿ ಸೋಲುತ್ತ ಹೋಗುವುದೆಂದು ಅರ್ಜೆಂಟೀನದ ಅರ್ಥಶಾಸ್ತ್ರಜ್ಞ ರಾವುಲ್ ಪ್ರೆಬಿಷ್ 1949ರಲ್ಲಿ ವಿಶ್ವಸಂಸ್ಥೆಯ ವರದಿಯಲ್ಲಿ ವಾದಿಸಿದನು. ಅವನಿಗಿಂತ ಅರ್ಧ ಶತಮಾನ ಮೊದಲೇ ನಮ್ಮ ದಾದಾಭಾಯಿ ನವರೋಜಿಯವರು ಭಾರತದ ದ್ರವ್ಯವು ಸೋರಿಹೋಗುವ ಬಗೆಯನ್ನು ಲೆಕ್ಕಹಾಕಿ ತೋರಿಸಿದ್ದರು. ಪ್ರಪಂಚದ ಕೋಕೋ ಬೀಜದ ಅರ್ಧಕ್ಕಿಂತ ಹೆಚ್ಚನ್ನು ಐವರಿ ಕೋಸ್ಟ್ ಮತ್ತು ಘಾನಾ ದೇಶಗಳೆರಡೇ ಬೆಳೆಯುತ್ತವೆ. ಚಾಕೊಲೇಟಿನ ಹೆಸರೂ ಲಾಭವೂ ಯೂರೋಪಿನವರದು. ಯೂರೋಪಿನ ಒಕ್ಕೂಟದ ಸಾಮಾನ್ಯ ಸುಂಕದ ಪಟ್ಟಿಯಲ್ಲಿ ಹುರಿಯದ ಕಾಫಿ ಬೀಜಕ್ಕೆ ಸುಂಕವಿಲ್ಲ. ಹುರಿದ ಬೀಜಕ್ಕೆ ನೂರಕ್ಕೆ ಏಳೂವರೆ. ಬೀಜವನ್ನು ತನ್ನಿರಿ, ಹುರಿಯುವ ಕೆಲಸವನ್ನು ನಮಗೆ ಬಿಡಿರಿ ಎಂಬುದೇ ಇದರ ತಾತ್ಪರ್ಯವಲ್ಲವೆ?

ಕೋಲಾರಕ್ಕೆ ಈ ಪಾಠವು ಹೊಸದಲ್ಲ. ಜಾನ್ ಟೇಲರ್ ಕಂಪನಿಯವರ ಆಡಳಿತದಲ್ಲಿ ಇಲ್ಲಿಯ ಚಿನ್ನವು ಅಗೆಯಲ್ಪಟ್ಟಿತು. ಲಾಭಾಂಶವು ಲಂಡನ್ನಿನ ಷೇರುದಾರರಿಗೆ, ರಾಜಧನವು ಮೈಸೂರು ಸಂಸ್ಥಾನಕ್ಕೆ, ಕೂಲಿಯೂ ಕಲ್ಲುಧೂಳಿನ ಶ್ವಾಸರೋಗವೂ ಗಣಿಯೊಳಗೆ ಇಳಿದವರಿಗೆ. 1902ರಲ್ಲಿ ಶಿವಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ದೂರದ ಗಣಿಗೆ ಬಂದಿತು, ಬೆಂಗಳೂರಿನ ಬೀದಿಗಳಿಗಿಂತ ಮೂರು ವರ್ಷ ಮೊದಲು. ತಂತಿಯ ಕೆಳಗಿದ್ದ ಹಳ್ಳಿಗಳು ಕತ್ತಲೆಯಲ್ಲಿಯೇ ಉಳಿದವು. 2001ನೆಯ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಹೊತ್ತಿಗೆ ಅದು ಪರರದಾಗಿರಲಿಲ್ಲ, ಸರ್ಕಾರದ್ದೇ ಆಗಿತ್ತು. ಆದರೂ ಗಣಿಯ ಹೊರತು ಬೇರೆ ಉದ್ಯಮವನ್ನು ಊರಿನಲ್ಲಿ ಬೇರೂರಿಸುವ ಕೆಲಸವನ್ನು ನಮ್ಮವರೂ ಮಾಡಿರಲಿಲ್ಲ. ಈ ತಪ್ಪನ್ನು ಲಂಡನ್ನಿನ ತಲೆಗೆ ಕಟ್ಟುವಂತಿಲ್ಲ.

ಬೇರೆ ದಾರಿಯೂ ಇದೇ ಜಿಲ್ಲೆಯಲ್ಲಿದೆ. ಮಾವಿನ ರೈತನ ಮನೆಯಲ್ಲಿಯೇ ಹಸುವೂ ಇರುತ್ತದೆ. ಬೆಳಿಗ್ಗೆ ಸಂಜೆ ಹಾಲು ಊರಿನ ಸಂಘಕ್ಕೆ ಹೋಗುತ್ತದೆ. ದರ ಮೊದಲೇ ಗೊತ್ತು. ಯಂತ್ರವು ಉತ್ಪಾದಕರ ಒಕ್ಕೂಟದ್ದು. 1946ರಲ್ಲಿ ಗುಜರಾತಿನ ಖೇಡಾ ರೈತರು ಸರ್ದಾರ್ ಪಟೇಲರ ಸಲಹೆಯಂತೆ ಹಿಡಿದ ಹಾದಿಯಿದು. ಹಾಲು ಮಾವಿಗಿಂತಲೂ ಬೇಗ ಕೆಡುತ್ತದೆ. ಆದರೂ ಹಾಲನ್ನು ಯಾರೂ ಬೀದಿಗೆ ಚೆಲ್ಲುವ ಪ್ರಸಂಗ ದಿನವೂ ಬರುವುದಿಲ್ಲ.

ಮಾವಿಗೆ ಇದೇ ಮಾರ್ಗವೆಂದರೆ, ಹೇಳಿದಷ್ಟು ಸುಲಭವಲ್ಲವೆಂಬುದನ್ನು ಬಲ್ಲೆವು. ಹಸು ವರ್ಷವಿಡೀ ಕರೆಯುತ್ತದೆ. ಮಾವಿನ ಸುಗ್ಗಿ ಕೆಲವೇ ವಾರಗಳದು. ಉಳಿದ ತಿಂಗಳು ಸುಮ್ಮನಿರುವ ಯಂತ್ರಕ್ಕೆ ಬಡ್ಡಿ ಕಟ್ಟುವವರಾರು? ಕೋಲಾರದ ಟೊಮ್ಯಾಟೊ ಆ ತೆರವನ್ನು ತುಂಬೀತೆಂದು ಕೆಲವರೆನ್ನುವರು. ಆದರೆ ಸಾರಿಗೆ ಬೆಳೆಯುವ ತಳಿ ಬೇರೆ, ಗಟ್ಟಿರಸಕ್ಕೆ ಒದಗುವ ತಳಿ ಬೇರೆ. ಬಿತ್ತನೆಯಿಂದಲೇ ಏರ್ಪಾಡು ಆಗಬೇಕು.

ಮುಖ್ಯಮಂತ್ರಿಗಳು 2025ರಲ್ಲಿ ಕೇಂದ್ರಕ್ಕೆ ಬರೆದ ಪತ್ರದಲ್ಲಿ ಮಾವಿನ ಕ್ವಿಂಟಾಲಿಗೆ ಸಾಗುವಳಿಯ ಖರ್ಚು 5,466 ರೂಪಾಯಿಯೆಂದು ಕಾಣಿಸಿದ್ದರು. ಕೇಂದ್ರವು ತೋತಾಪುರಿಗೆ ಒಪ್ಪಿದ ದರ 1,616 ರೂಪಾಯಿ, ಎರಡೂವರೆ ಲಕ್ಷ ಟನ್ನಿನವರೆಗೆ. ಕೊರತೆಯ ಹಣವನ್ನು ಕೇಂದ್ರವೂ ರಾಜ್ಯವೂ ಸಮಭಾಗವಾಗಿ ಹೊರತಕ್ಕದ್ದು. ಕಷ್ಟಕಾಲದ ಈ ನೆರವನ್ನು ನಾವು ಹಳಿಯುವುದಿಲ್ಲ. ಇಂತಹ ನೆರವಿಗೆ ತೆಗೆದಿಡುವ ದ್ರವ್ಯದ ಒಂದು ಭಾಗವನ್ನು ಬೆಳೆಗಾರರ ಸಂಘವೊಂದಕ್ಕೆ ಷೇರು ಬಂಡವಾಳವಾಗಿ ಕೊಟ್ಟು, ಶ್ರೀನಿವಾಸಪುರದಲ್ಲಿಯೇ ತಿರುಳಿನ ಕಾರ್ಖಾನೆಯನ್ನು ನಿಲ್ಲಿಸುವ ಸಾಧ್ಯತೆಯನ್ನು ಉಭಯ ಸರ್ಕಾರಗಳೂ ಮುಂದಿನ ಹೂವಿನ ಕಾಲಕ್ಕೆ ಮುಂಚೆಯೇ ಪರಾಂಬರಿಸಬೇಕೆಂದು ಕೋರುತ್ತೇವೆ.