ಸ್ವಯಂಚಾಲಿತ ಶೀರ್ಷಿಕೆ ಸ್ಲೈಡು ಮತ್ತು ಹಾಡುಗಾರರ ಹೆಸರು

ಜನಪದ ರಂಗಭೂಮಿಯಲ್ಲಿ ಯಾವ ನಿರೂಪಣೆಯೂ ಒಮ್ಮೆಲೇ ಕಥೆಯೊಳಕ್ಕೆ ಪ್ರವೇಶಿಸುವುದಿಲ್ಲ. ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮೊದಲು ಪೂರ್ವರಂಗವಿರುತ್ತದೆ. ಮೂಡಲಪಾಯದಲ್ಲಿ ರಂಗಕ್ಕೆ ಬಂದ ಪಾತ್ರವನ್ನು ಸಾರಥಿಯು ಮಾತನಾಡಿಸಿ, ಅದರ ಹೆಸರನ್ನೂ ಬಂದ ಕಾರಣವನ್ನೂ ಸಭೆಗೆ ತಿಳಿಯುವಂತೆ ಹೇಳಿಸುತ್ತಾನೆ. ತೊಗಲುಗೊಂಬೆಯಾಟದ ಪರದೆಯ ಮೇಲೆ ಗಣಪತಿಯ ಗೊಂಬೆ ಕಾಣಿಸಿಕೊಂಡ ಬಳಿಕವೇ ಆಟ ಮುಂದುವರಿಯುತ್ತದೆ. ಇಂದಿನ ವಿಚಾರಸಂಕಿರಣಗಳಲ್ಲಿ ಪ್ರಬಂಧಕಾರರು ಬಳಸುವ ಶೀರ್ಷಿಕೆ ಸ್ಲೈಡಿನ ಕೆಲಸವೂ ಮೂಲತಃ ಇದೇ ಆಗಿದೆ: ವಿಷಯ ಯಾವುದು, ಹೇಳುವವರು ಯಾರು, ಸಂದರ್ಭ ಯಾವುದು ಎಂಬುದನ್ನು ಸಭೆಗೆ ಅರುಹುವುದು. ಈ ಸ್ಲೈಡನ್ನು ತಂತ್ರಾಂಶವೇ ತಾನಾಗಿ ರಚಿಸುವ ವಿಧಾನವನ್ನೂ, ಜಾನಪದ ದಾಖಲಾತಿಯಲ್ಲಿ ಅದರಿಂದ ಉಂಟಾಗುವ ಸಮಸ್ಯೆಯನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

ಛಾಯಾಚಿತ್ರದ ಸ್ಲೈಡುಗಳ ಕಾಲದಲ್ಲಿ ಶೀರ್ಷಿಕೆಯನ್ನು ಕಾಗದದ ಮೇಲೆ ಬರೆದು ಅಥವಾ ಬೆರಳಚ್ಚು ಮಾಡಿ, ಅದರ ಚಿತ್ರವನ್ನು ತೆಗೆದು ಸ್ಲೈಡು ಮಾಡಬೇಕಾಗುತ್ತಿತ್ತು. 1987ರಲ್ಲಿ ಫೋರ್‌ಥಾಟ್ ಸಂಸ್ಥೆಯು ಮ್ಯಾಕಿಂಟಾಷ್ ಗಣಕಕ್ಕಾಗಿ ಪವರ್‌ಪಾಯಿಂಟ್ ತಂತ್ರಾಂಶವನ್ನು ಹೊರತಂದಿತು. ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಇದರ ಪ್ರಮುಖ ರೂವಾರಿಗಳು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯು ಫೋರ್‌ಥಾಟನ್ನು 1.4 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಪವರ್‌ಪಾಯಿಂಟಿನ ಸಿದ್ಧ ವಿನ್ಯಾಸಗಳಲ್ಲಿ ಶೀರ್ಷಿಕೆ ಸ್ಲೈಡಿಗೆ ಪ್ರತ್ಯೇಕ ಸ್ಥಾನವಿದೆ. ಆದರೆ ಅಲ್ಲಿ ಬಳಕೆದಾರನೇ ಚೌಕದೊಳಗೆ ಅಕ್ಷರಗಳನ್ನು ತುಂಬಬೇಕಾಗುತ್ತದೆ.

ಇನ್ನೊಂದು ಮಾರ್ಗವು ಬರೆಹವನ್ನೇ ಆಧಾರವಾಗಿಟ್ಟುಕೊಂಡು ಬೆಳೆಯಿತು. 2003ರಲ್ಲಿ ಟಿಲ್ ಟಾಂಟಾವ್ ಅವರು ತಮ್ಮ ಡಾಕ್ಟರೇಟ್ ಪದವಿಯ ಮೌಖಿಕ ಪರೀಕ್ಷೆಗಾಗಿ ಲೇಟೆಕ್ ಅಕ್ಷರ ಜೋಡಣಾ ವ್ಯವಸ್ಥೆಯೊಳಗೆ ಬೀಮರ್ ಎಂಬ ಸಾಧನವನ್ನು ಸಿದ್ಧಪಡಿಸಿದರು. ಇದರಲ್ಲಿ ಒಮ್ಮೆ ಸೂಚನೆ ಕೊಟ್ಟರೆ ಸಾಕು, ಪ್ರತಿ ಅಧ್ಯಾಯದ ಆರಂಭದಲ್ಲಿಯೂ ಒಂದು ಪರಿಚಯ ಸ್ಲೈಡು ತಾನಾಗಿ ಸೇರಿಕೊಳ್ಳುತ್ತದೆ. 2006ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಜಾನ್ ಮ್ಯಾಕ್‌ಫಾರ್ಲೇನ್ ಅವರು ಆರಂಭಿಸಿದ ಪ್ಯಾನ್‌ಡಾಕ್ ಎಂಬ ಉಚಿತ ತಂತ್ರಾಂಶವು ಈ ಮಾರ್ಗವನ್ನು ಇನ್ನಷ್ಟು ಸರಳಗೊಳಿಸಿತು. ಸಾದಾ ಪಠ್ಯ ಕಡತವೊಂದರಿಂದ ಬೀಮರ್, ಪವರ್‌ಪಾಯಿಂಟ್ ಮತ್ತು ಜಾಲಪುಟ ಈ ಮೂರೂ ರೂಪಗಳ ಸ್ಲೈಡುಗಳನ್ನು ಇದು ತಯಾರಿಸಬಲ್ಲದು.

ಕಾರ್ಯವಿಧಾನ

ಪ್ಯಾನ್‌ಡಾಕ್ ಎರಡು ಬಗೆಯ ಶೀರ್ಷಿಕೆ ಸ್ಲೈಡುಗಳನ್ನು ರಚಿಸುತ್ತದೆ. ಮೊದಲನೆಯದು ಇಡೀ ಪ್ರಸ್ತುತಿಯ ಮುಖಪುಟ. ಕಡತದ ಆರಂಭದಲ್ಲಿ ಶೇಕಡಾ ಚಿಹ್ನೆಯಿಂದ ಆರಂಭವಾಗುವ ಮೂರು ಸಾಲುಗಳನ್ನು ಬರೆಯಬಹುದು. ಅವು ಕ್ರಮವಾಗಿ ಶೀರ್ಷಿಕೆ, ಲೇಖಕರು ಮತ್ತು ದಿನಾಂಕವನ್ನು ಸೂಚಿಸುತ್ತವೆ. ತಂತ್ರಾಂಶವು ಇವನ್ನು ಎತ್ತಿಕೊಂಡು ಮೊದಲ ಸ್ಲೈಡಿನಲ್ಲಿ ಜೋಡಿಸುತ್ತದೆ.

ಎರಡನೆಯದು ಒಳಭಾಗಗಳ ಶೀರ್ಷಿಕೆ ಸ್ಲೈಡು. ಇದು ತಲೆಬರಹಗಳ ಶ್ರೇಣಿಯನ್ನು ಅವಲಂಬಿಸಿದೆ. ಯಾವ ಹಂತದ ತಲೆಬರಹವು ಒಂದು ಸ್ಲೈಡನ್ನು ಆರಂಭಿಸಬೇಕೆಂಬುದನ್ನು ಸ್ಲೈಡು ಹಂತ ಎಂದು ಗುರುತಿಸಲಾಗುತ್ತದೆ. ಅದಕ್ಕಿಂತ ಮೇಲಿನ ಹಂತದ ತಲೆಬರಹಗಳು ಶೀರ್ಷಿಕೆ ಸ್ಲೈಡುಗಳಾಗುತ್ತವೆ. ಕೆಳಗಿನ ಹಂತದವು ಸ್ಲೈಡಿನೊಳಗಿನ ಉಪಶೀರ್ಷಿಕೆಗಳಾಗಿ ಉಳಿಯುತ್ತವೆ.

ಮಲೆ ಮಾದೇಶ್ವರ ಕಾವ್ಯದ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳಬಹುದು. ಈ ಕಾವ್ಯವು ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಮುಂತಾಗಿ ಸಾಲುಗಳಲ್ಲಿ ವಿಭಜನೆಗೊಂಡಿದೆ. ಸಾಲುಗಳ ಹೆಸರುಗಳನ್ನು ಮೊದಲ ಹಂತದಲ್ಲಿಯೂ ಅವುಗಳ ಒಳಗಿನ ಸನ್ನಿವೇಶಗಳನ್ನು ಎರಡನೆಯ ಹಂತದಲ್ಲಿಯೂ ಇರಿಸಿದರೆ, ಪ್ರತಿ ಸಾಲಿಗೂ ಒಂದು ಶೀರ್ಷಿಕೆ ಸ್ಲೈಡು ದೊರೆಯುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಬಳಕೆದಾರನು ಹಂತವನ್ನು ಸೂಚಿಸದಿದ್ದಲ್ಲಿ, ಕಡತದ ಯಾವುದೇ ಭಾಗದಲ್ಲಿ ತನ್ನ ಬೆನ್ನಲ್ಲೇ ವಿಷಯವನ್ನು ಹೊಂದಿರುವ ಅತ್ಯಂತ ಮೇಲಿನ ಹಂತದ ತಲೆಬರಹವನ್ನೇ ತಂತ್ರಾಂಶವು ಸ್ಲೈಡು ಹಂತವೆಂದು ಭಾವಿಸುತ್ತದೆ. ಸಂಕಮ್ಮನ ಸಾಲು ಎಂಬ ತಲೆಬರಹದ ಕೆಳಗೆ ಒಂದೇ ಒಂದು ಪರಿಚಯ ವಾಕ್ಯವನ್ನು ಬರೆದರೂ ಸಾಕು, ಎಲ್ಲ ಸಾಲುಗಳ ಶೀರ್ಷಿಕೆ ಸ್ಲೈಡುಗಳೂ ಮರೆಯಾಗುತ್ತವೆ. ಆದ್ದರಿಂದ ಸ್ಲೈಡು ಹಂತ 2 ಎಂದು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

ಕನ್ನಡ ಲಿಪಿಗೆ ಸಂಬಂಧಿಸಿದಂತೆಯೂ ಒಂದು ಮಾತು ಹೇಳಬೇಕು. ಹಳೆಯ ಫಾಂಟ್ ಸಂಕೇತಗಳಲ್ಲಿ ಬೆರಳಚ್ಚಾದ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಬೀಮರ್ ರೂಪಕ್ಕಾಗಿ ಜೀಟೆಕ್ ಅಥವಾ ಲುವಾಟೆಕ್ ಯಂತ್ರವನ್ನು ಆರಿಸಿ, ಕನ್ನಡ ಫಾಂಟಿನ ಹೆಸರನ್ನು ಸೂಚಿಸಬೇಕಾಗುತ್ತದೆ.

ಹೆಸರಿನ ಪ್ರಶ್ನೆ

ತಂತ್ರಾಂಶದ ಈ ಅನುಕೂಲದಲ್ಲಿಯೇ ಜಾನಪದ ಅಧ್ಯಯನಕ್ಕೆ ತೊಡಕೂ ಅಡಗಿದೆ. ಶೀರ್ಷಿಕೆ, ಲೇಖಕರು, ದಿನಾಂಕ ಎಂಬ ಮೂರು ಕೋಷ್ಠಕಗಳು ಒಬ್ಬನೇ ಬರೆದು ಒಬ್ಬನೇ ಮಂಡಿಸುವ ಪ್ರಬಂಧವನ್ನು ಗಮನದಲ್ಲಿರಿಸಿಕೊಂಡು ರೂಪುಗೊಂಡಂಥವು. ಹಾಡಿದವರು ಯಾರು, ಯಾವ ಊರಿನಲ್ಲಿ ಹಾಡಿದರು, ಧ್ವನಿಮುದ್ರಣ ಯಾವಾಗ ನಡೆಯಿತು ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಲೇಖಕರ ಕೋಷ್ಠಕದಲ್ಲಿ ಸಹಜವಾಗಿ ಸಂಶೋಧಕನ ಹೆಸರು ಕೂರುತ್ತದೆ. ದಿನಾಂಕದ ಸ್ಥಿತಿ ಇನ್ನೂ ವಿಚಿತ್ರ. ಬೀಮರಿನಲ್ಲಿ ದಿನಾಂಕವನ್ನು ನಮೂದಿಸದಿದ್ದರೆ ಕಡತವನ್ನು ಸಂಸ್ಕರಿಸಿದ ದಿನವೇ ಅಚ್ಚಾಗುತ್ತದೆ. ಹಲವು ದಶಕಗಳ ಹಿಂದಿನ ಹಾಡಿಕೆಯ ಮೇಲೆ ಇಂದಿನ ತಾರೀಕು ಬೀಳುತ್ತದೆ. ಕೈಯಿಂದ ಬರೆಯುವಾಗ ಬಿಟ್ಟುಹೋದ ಹೆಸರು ಒಬ್ಬರ ಮರೆವೆನಿಸುತ್ತದೆ. ಸಿದ್ಧ ಮಾದರಿಯಲ್ಲಿ ಬಿಟ್ಟುಹೋದ ಹೆಸರಾದರೋ ಆ ಮಾದರಿಯನ್ನು ಬಳಸುವ ಎಲ್ಲರ ಪ್ರಸ್ತುತಿಗಳಲ್ಲಿಯೂ ಬಿಟ್ಟುಹೋಗುತ್ತದೆ.

ಇದಕ್ಕೆ ವಿರುದ್ಧವಾದ ಮೇಲ್ಪಂಕ್ತಿಯೂ ನಮ್ಮ ಮುಂದಿದೆ. ಫಿನ್‌ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೇಲಿ ಹಾಂಕೊ ಅವರೊಡಗೂಡಿ 1998ರಲ್ಲಿ ಪ್ರಕಟಿಸಿದ ತುಳು ಸಿರಿ ಮಹಾಕಾವ್ಯವು 15,683 ಸಾಲುಗಳನ್ನು ಹೊಂದಿದೆ. ಆ ಗ್ರಂಥದ ಶೀರ್ಷಿಕೆಯಲ್ಲಿಯೇ ಅದನ್ನು ಹಾಡಿದ ಗೋಪಾಲ ನಾಯ್ಕರ ಹೆಸರಿದೆ. ಹಾಡುಗಾರನು ಮಾಹಿತಿದಾರ ಮಾತ್ರನಲ್ಲ, ಪಠ್ಯದ ಕರ್ತೃ ಎಂಬ ನಿಲುವು ಆ ಒಂದು ಶೀರ್ಷಿಕೆಯಲ್ಲಿ ವ್ಯಕ್ತವಾಗಿದೆ.

ತಂತ್ರಾಂಶವು ಇದಕ್ಕೆ ಅಡ್ಡಿಯೇನಲ್ಲ. ಬೀಮರ್ ಮತ್ತು ಜಾಲಪುಟದ ರೂಪಗಳಲ್ಲಿ ಪ್ಯಾನ್‌ಡಾಕಿನ ಮಾದರಿ ಕಡತವನ್ನು ತಿದ್ದಿ ಹಾಡುಗಾರರು, ಊರು, ಧ್ವನಿಮುದ್ರಣದ ದಿನ ಎಂಬ ಹೊಸ ಕೋಷ್ಠಕಗಳನ್ನು ಸೇರಿಸಬಹುದು. ಪವರ್‌ಪಾಯಿಂಟ್ ರೂಪದಲ್ಲಿ ಮಾದರಿ ಕಡತವು ಅಕ್ಷರ, ಬಣ್ಣ, ವಿನ್ಯಾಸಗಳನ್ನು ಮಾತ್ರ ನಿರ್ಧರಿಸುವುದರಿಂದ, ಆ ವಿವರಗಳನ್ನು ಉಪಶೀರ್ಷಿಕೆಯಲ್ಲಿ ಬರೆಯಬೇಕಾಗುತ್ತದೆ. ಲೇಖಕರ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳಿಗೆ ಅವಕಾಶವಿರುವುದರಿಂದ ಹಾಡುಗಾರರ ಹೆಸರನ್ನು ಸಂಶೋಧಕರ ಹೆಸರಿಗಿಂತ ಮೊದಲು ಇರಿಸುವುದೂ ಸಾಧ್ಯ.

ಇಂತಹ ಮಾದರಿಯೊಂದನ್ನು ಜಾನಪದ ವಿಭಾಗಗಳು ಒಮ್ಮೆ ಸಿದ್ಧಪಡಿಸಿ ವಿದ್ಯಾರ್ಥಿಗಳ ಕೈಗಿತ್ತರೆ, ಮುಂದಿನ ಪ್ರತಿಯೊಂದು ಪ್ರಸ್ತುತಿಯಲ್ಲಿಯೂ ಹಾಡುಗಾರರ ಹೆಸರಿಗೆ ಸ್ಥಾನ ತಾನಾಗಿ ದೊರೆಯುತ್ತದೆ. ರಂಗಕ್ಕೆ ಬಂದ ಪಾತ್ರದಿಂದ ಹೆಸರು ಹೇಳಿಸದೆ ಮೂಡಲಪಾಯದ ಸಾರಥಿಯು ಆಟವನ್ನು ಮುಂದುವರಿಸುವುದಿಲ್ಲ. ಅದೇ ಹೊಣೆಯನ್ನು ಹೊಸ ಸಾಧನಕ್ಕೂ ಕಲಿಸುವುದು ಜಾನಪದ ವಿದ್ವಾಂಸರಿಗೆ ಸೇರಿದ ಕೆಲಸವಾಗಿದೆ.