ಊರ ಶಾಲೆಯ ಋಣ

ಧಾರವಾಡ ಪ್ರಾಂತದ ಕನ್ನಡ ಶಾಲೆಗಳು ಅನಾಯಾಸವಾಗಿ ದೊರೆತವುಗಳಲ್ಲ. 19ನೆಯ ಶತಮಾನದಲ್ಲಿ ಅಲ್ಲಿಯ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರ ಪರಿಶ್ರಮದಿಂದ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ವಿದ್ಯೆ ದೊರೆಯುವಂತಾಯಿತು.

ಇಂಥ ಶಾಲೆಗಳಲ್ಲಿ ಓದಿದ ವೃದ್ಧರೂ ಅವರ ಮನೆಯವರೂ ಹೇಳುವ ಸಂಗತಿಗಳು ಕೇಳತಕ್ಕವುಗಳಾಗಿವೆ. ದಾಖಲೆಯ ಪುಸ್ತಕದಲ್ಲಿ ಹುಡುಗನ ಹೆಸರು, ಜಾತಿ, ಜನ್ಮದಿನಾಂಕಗಳುಂಟು. ಸಂಜೆ ಸಾಲಾಗಿ ನಿಂತು ಹೇಳಿದ ಮಗ್ಗಿ, ಪಾಟಿಯ ಮೇಲೆ ತಿದ್ದಿದ ಅಕ್ಷರ, ಸುಗ್ಗಿಯಲ್ಲಿ ಶಾಲೆ ಬಿಟ್ಟವನನ್ನು ಹೊಲದಿಂದ ಮರಳಿ ಕರೆತಂದ ಮಾಸ್ತರರು, ಅಣ್ಣನ ಹರಕು ಪುಸ್ತಕದಿಂದ ಓದು ಕಲಿತ ತಂಗಿ, ಇವೆಲ್ಲ ಜನರ ನೆನಪಿನಲ್ಲಿ ಮಾತ್ರ ಉಳಿದಿವೆ.

6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕನ್ನಿತ್ತ ಕಾಯಿದೆಯು 2010ರಲ್ಲಿ ಜಾರಿಗೆ ಬಂದಿತು. ಆದರೂ ಮಕ್ಕಳ ಸಂಖ್ಯೆ ಕುಂದಿತೆಂಬ ಕಾರಣದಿಂದ ಅನೇಕ ಕನ್ನಡ ಶಾಲೆಗಳ ಅಸ್ತಿತ್ವಕ್ಕೇ ಸಂಚಕಾರ ಬಂದಿದೆ. ಕಾಯಿದೆಯು ಹಕ್ಕನ್ನು ಕೊಡಬಲ್ಲುದು, ಅಭಿಮಾನವನ್ನು ಕೊಡಲಾರದು. ತಾವು ಕಲಿತ ಶಾಲೆಯನ್ನು ಕೊಂಡಾಡುವ ಗೃಹಸ್ಥರು ಮೊಮ್ಮಕ್ಕಳನ್ನು ಅಲ್ಲಿಗೆ ಕಳುಹಿಸದಿದ್ದರೆ ಆ ಕೊಂಡಾಟದಿಂದ ಫಲವೇನು?

ಆಯಾ ಊರಿನ ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರಿ ತಮ್ಮ ನೆನಪುಗಳನ್ನು ಬರೆದು ಶಾಲೆಯಲ್ಲಿಡಬೇಕು. ಅಧಿಕಾರಿಗಳು ಬಾಗಿಲಿಗೆ ಬೀಗ ಹಾಕುವ ಮುನ್ನ ಆ ಬರಹವನ್ನೊಮ್ಮೆ ಓದಬೇಕೆಂದು ನಾವು ಸವಿನಯವಾಗಿ ಸೂಚಿಸುತ್ತೇವೆ.