ಸೊರಗಿದ ಮೈಯಲ್ಲಿ ಮರೆಯಾಗುವ ಕಿಡ್ನಿಯ ಪೆಟ್ಟು

ಕೋವಿಡ್ ಶ್ವಾಸಕೋಶದ ಕಾಯಿಲೆಯೆಂದೇ ಜನರ ಮನಸ್ಸಿನಲ್ಲಿ ಉಳಿದಿದೆ. ಆದರೆ 2020ರ ಮೊದಲ ಅಲೆಯಲ್ಲಿ ನ್ಯೂಯಾರ್ಕಿನ ನಾರ್ತ್‌ವೆಲ್ ಆಸ್ಪತ್ರೆಗಳಿಗೆ ದಾಖಲಾಗಿದ್ದ 5,449 ರೋಗಿಗಳನ್ನು ಪರಿಶೀಲಿಸಿದಾಗ ಶೇ. 36.6ರಷ್ಟು ಮಂದಿಯ ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು ಬಿದ್ದಿತ್ತು. ವೆಂಟಿಲೇಟರ್ ಮೇಲಿದ್ದವರಲ್ಲಂತೂ ಈ ಪ್ರಮಾಣ ಶೇ. 90ರ ಹತ್ತಿರ. ರಕ್ತದೊತ್ತಡದ ಕುಸಿತ, ಉರಿಯೂತ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪು, ಕೆಲವು ಔಷಧಿಗಳು ಎಂದು ಕಾರಣಗಳನ್ನು ಹೇಳುವಾಗ ಊಟದ ಮಾತು ಬರುವುದು ಕಡಿಮೆ. ಅದು ಬರಲೇಬೇಕು. ರೋಗಿಯ ಪೋಷಣೆಯ ಸ್ಥಿತಿ ತಿಳಿಯದಿದ್ದರೆ ಕಿಡ್ನಿಯ ಪೆಟ್ಟನ್ನು ಗುರುತಿಸುವುದೇ ಕಷ್ಟ.

ಕಿಡ್ನಿಯ ಕೆಲಸವನ್ನು ನಾವು ಅಳೆಯುವುದು ರಕ್ತದ ಕ್ರಿಯಾಟಿನಿನ್‌ನಿಂದ. ಅದು ಸ್ನಾಯುಗಳಲ್ಲಿ ಹುಟ್ಟುವ ತ್ಯಾಜ್ಯ. ಸೌದೆಯೇ ಕಡಿಮೆಯಿರುವ ಒಲೆಯಲ್ಲಿ ಹೊಗೆಯೂ ಕಡಿಮೆ, ಹಾಗಾಗಿ ಹೊಗೆಗೂಡು ಕಟ್ಟಿಕೊಂಡಿದ್ದು ಬೇಗ ತಿಳಿಯುವುದಿಲ್ಲ. ಸೊರಗಿದ ಹೆಂಗಸೊಬ್ಬಳ ಕ್ರಿಯಾಟಿನಿನ್ ಆರೋಗ್ಯವಾಗಿದ್ದಾಗ 0.5 ಇದ್ದು, ವಾರದೊಳಗೆ 0.9ಕ್ಕೆ ಏರಿತೆನ್ನಿ. ಲ್ಯಾಬ್ ವರದಿಯಲ್ಲಿ ಅದು ನಾರ್ಮಲ್. ಆದರೆ ಒಂದೂವರೆ ಪಟ್ಟು ಏರಿದರೇ ಮೂತ್ರಪಿಂಡಕ್ಕೆ ತೀವ್ರ ಪೆಟ್ಟು ಎನ್ನುವುದು ವೈದ್ಯರ ಅಂತಾರಾಷ್ಟ್ರೀಯ ಮಾನದಂಡ. ಐಸಿಯುನಲ್ಲಿ ಈ ಮರೆ ಇನ್ನೂ ದಟ್ಟವಾಗುತ್ತದೆ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಐಸಿಯು ರೋಗಿಗಳ ತೊಡೆಯ ಸ್ನಾಯು ಹತ್ತೇ ದಿನಕ್ಕೆ ಸುಮಾರು ಶೇ. 18ರಷ್ಟು ಕರಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ. 18.7ರಷ್ಟು ಹೆಂಗಸರು ಎತ್ತರಕ್ಕೆ ತಕ್ಕ ತೂಕವಿಲ್ಲದ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ದಪ್ಪಗಿರುವವರೂ ಇದರಿಂದ ಹೊರತಲ್ಲ, ಕೊಬ್ಬಿನ ಮರೆಯಲ್ಲಿ ಸ್ನಾಯು ಕರಗಿರಬಹುದು.

ಕಿಡ್ನಿ ಸೋತಾಗ ಬೇಳೆ, ಮೊಟ್ಟೆ ನಿಲ್ಲಿಸಬೇಕಲ್ಲವೇ ಎಂದು ಮನೆಯವರು ಕೇಳುತ್ತಾರೆ. ದೀರ್ಘಕಾಲದ ಕಿಡ್ನಿ ಕಾಯಿಲೆಯ ಪಥ್ಯವನ್ನು ಇಲ್ಲಿಗೆ ತಂದರೆ ತಪ್ಪಾಗುತ್ತದೆ. ತೀವ್ರ ಸೋಂಕಿನಲ್ಲಿ ದೇಹ ತನ್ನ ಸ್ನಾಯುವನ್ನೇ ಉರಿಸುತ್ತದೆ, ನಿರಂತರ ಡಯಾಲಿಸಿಸ್‌ನಲ್ಲಿ ಅಮೈನೋ ಆಮ್ಲಗಳೂ ಸೋರಿಹೋಗುತ್ತವೆ. ಡಯಾಲಿಸಿಸ್ ಮುಂದೂಡಲೆಂದು ಪ್ರೋಟೀನ್ ಕಡಿತ ಮಾಡಬಾರದೆಂದು ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ ಹೇಳಿದೆ. ಹಾಗೆಂದು ಸುರಿಯುವುದೂ ಸಲ್ಲ. 2023ರ ದೊಡ್ಡ ಪ್ರಯೋಗವೊಂದರಲ್ಲಿ ತೂಕದ ಪ್ರತಿ ಕಿಲೋಗೆ ದಿನಕ್ಕೆ 2.2 ಗ್ರಾಂ ಪ್ರೋಟೀನ್ ಗುರಿಯಿಟ್ಟಾಗ ಲಾಭ ಕಾಣಲಿಲ್ಲ, ಕಿಡ್ನಿಗೆ ಪೆಟ್ಟಾದವರಿಗೆ ಕೇಡಿನ ಸುಳಿವೇ ಸಿಕ್ಕಿತು. ಎಸ್ಪೆನ್ ಐಸಿಯು ರೋಗಿಗಳಿಗೆ ಹೇಳುವುದು 1.3 ಗ್ರಾಂ, ಅದೂ ನಿಧಾನವಾಗಿ ಏರಿಸಿ. ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಉಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಪ್ರಾಣಕ್ಕೇ ಅಪಾಯ.

ಅಪೌಷ್ಟಿಕತೆ ಕಾಯಿಲೆಯ ತೀವ್ರತೆಯ ಲಕ್ಷಣವಷ್ಟೇ, ಊಟ ಕೊಟ್ಟರೆ ಏನು ಬದಲಾದೀತು ಎಂಬ ಆಕ್ಷೇಪ ಗಟ್ಟಿಯಾದದ್ದು. ಸ್ವಿಟ್ಜರ್ಲೆಂಡಿನಲ್ಲಿ ಅಪೌಷ್ಟಿಕತೆಯ ಅಪಾಯವಿದ್ದ 2,088 ಒಳರೋಗಿಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗ ಅದಕ್ಕೆ ಉತ್ತರ ಕೊಡುತ್ತದೆ. ಒಬ್ಬೊಬ್ಬರಿಗೂ ತಕ್ಕ ಆಹಾರ ಕೊಟ್ಟಾಗ 30 ದಿನಗಳ ಸಾವು ಶೇ. 9.9ರಿಂದ 7.2ಕ್ಕೆ ಇಳಿಯಿತು. ಅವರು ವಾರ್ಡಿನ ರೋಗಿಗಳು, ಐಸಿಯುನವರಲ್ಲ. ಆದ್ದರಿಂದ ಈ ಕೆಲಸ ವಾರ್ಡಿನಲ್ಲೇ ಶುರುವಾಗಬೇಕು: ದಾಖಲಾದ ದಿನವೇ ತೂಕ ನೋಡಿ, ಇತ್ತೀಚೆಗೆ ಎಷ್ಟು ಇಳಿದಿದೆ, ಕಳೆದ ವಾರ ಏನು ಉಂಡರು ಎಂದು ಕೇಳಬೇಕು. ಮೂತ್ರದ ಪ್ರಮಾಣ ಅಳೆಯಬೇಕು. ಹಳೆಯ ರಕ್ತಪರೀಕ್ಷೆಯ ಚೀಟಿ ಮನೆಯಲ್ಲಿದ್ದರೆ ಅದನ್ನು ತಂದು ವೈದ್ಯರ ಕೈಗೆ ಕೊಡಿ.